ವಾಯಿದೆ ಹೊನ್ನಯ್ಯ
೨೦೦೧ರ ಜೂನ್ ನಾಲ್ಕು, ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ ಕಾನೂನು ಮಂತ್ರಿ ಹೊನ್ನಯ್ಯನವರು ಕುಣಿಗಲ್ಲಿನ ಹೊಸ ಕೋರ್ಟು ಕಟ್ಟಡದ ಮುಂದೆ ನಿಂತು, ಯಾರಿಗೋ ತಾರೀಕು ಕೊಡಲು ಜೇಬಿನ ಡೈರಿ ತಿರುವುತ್ತಿದ್ದರು. ತುಮಕೂರಿನಲ್ಲಿ ಇಪ್ಪತ್ತೆರಡು ವರ್ಷ ವಕೀಲಿಕೆ ಮಾಡಿದವರು. ಕೇಸಿನ ಮುಂದಿನ ತಾರೀಕು, ಅಂದರೆ ವಾಯಿದೆ, ಬರೆದುಕೊಳ್ಳುವ ಆ ಡೈರಿಯನ್ನು ಶಾಸಕರಾದರೂ ಬಿಡಲಿಲ್ಲ, ಮಂತ್ರಿಯಾದರೂ ಬಿಡಲಿಲ್ಲ. ಗುಬ್ಬಿಯ ಚುನಾವಣಾ ಸಭೆಯಲ್ಲಿ ಮತದಾರರನ್ನು ಬಾಯಿತಪ್ಪಿ “ನನ್ನ ಕಕ್ಷಿದಾರರೇ” ಎಂದು ಕರೆದು, ಅದರಿಂದಲೇ ಗೆದ್ದರೆಂದು ಜನ ಈಗಲೂ ನಗುತ್ತಾರೆ. ಬೋರ್‌ವೆಲ್ ಕೇಳಲು ಬಂದವರಿಗೂ ಮದುವೆಗೆ ಕರೆಯಲು ಬಂದವರಿಗೂ ಅವರದು ಒಂದೇ ಮಾತು: “ಹದಿನೆಂಟಕ್ಕೆ ಹಾಕ್ಕೊಳ್ಳಿ, ಬರ್ತೀನಿ.” “ಮುಹೂರ್ತಾನೂ ಮುಂದಕ್ಕೆ ಹಾಕುಸ್ತೀರೇನ್ರೀ?” ಎಂದು ಹೆಂಡತಿ ತ್ರಿವೇಣಿ ಛೇಡಿಸುತ್ತಿದ್ದರು. ಅಂದಿನ ಭಾಷಣವನ್ನು ಇಲಾಖೆಯವರು ಟೈಪು ಮಾಡಿ ಕೊಟ್ಟಿದ್ದರು; ನ್ಯಾಯ ತಡವಾಗುವುದಕ್ಕೆ ಕಟ್ಟಡಗಳ ಕೊರತೆಯೇ ಕಾರಣ ಎಂದು ಅದರಲ್ಲಿತ್ತು. ಅವರು ಮೈಕಿನತ್ತ ಹೊರಟಾಗ, ಹಿಂದೆ ಅವರ ಕಕ್ಷಿದಾರನ ಮೇಲೆ ಹೊಲದ ದಾವೆ ಹೂಡಿದ್ದ ಹುತ್ರಿದುರ್ಗದ ರಂಗಲಕ್ಷ್ಮಮ್ಮ ಅಡ್ಡ ಬಂದರು. “ಲಾಯರ್ ಸಾಮಿ, ನಮ್ ಎಜಮಾನ್ರೂ ತೀರ್ಕಂಡ್ರು, ನಿಮ್ ಕಕ್ಷಿದಾರ್ನೂ ತೀರ್ಕಂಡ. ಕೇಸು ಮಾತ್ರ ಇನ್ನೂ ಐತೆ. ನಾನಿರೋವಾಗ್ಲಾದ್ರೂ ಮುಗೀತದಾ?” ಪೊಲೀಸರು ಆಕೆಯನ್ನು ಸರಿಸಲು ಬಂದರು. ಹೊನ್ನಯ್ಯನವರು ಬೇಡವೆಂದು ತಡೆದು, ತಮ್ಮ ಕುರ್ಚಿಯಲ್ಲೇ ಆಕೆಯನ್ನು ಕೂರಿಸಿದರು. ಟೈಪು ಮಾಡಿದ ಹಾಳೆಯನ್ನು ಮಡಿಸಿ ಜೇಬಿಗಿಟ್ಟರು. ಆಮೇಲೆ, ಡೈರಿ ತೆರೆಯದೆಯೇ, ಮೈಕಿನಲ್ಲಿ ಹೇಳಿದರು: “ಕಟ್ಟಡದ ಮಾತು ಆಮೇಲೆ. ಈ ತಾಯಿ ಕೇಸು ಮುಂದಕ್ಕೆ ಹೋಗ್ಲಿ ಅಂತ ನಾನೊಬ್ನೇ ಕೇಳಿ ತಗೊಂಡಿರೋ ವಾಯಿದೆ ಮೂವತ್ತೊಂದು.”