ಅಪ್ಪ ನರಿಯನ್ನು ನೋಡಿ ನಕ್ಕ ಬೇಸಿಗೆ

ನಮ್ಮಪ್ಪ ನಗುವುದನ್ನು ನಾನು ಮೊದಲ ಸಲ ಕೇಳಿದ್ದು ನನ್ನ ಮೂವತ್ತೆಂಟನೇ ವಯಸ್ಸಿನಲ್ಲಿ. ಕೇಳಿದವಳೇ ಹೆದರಿ, ಅಡುಗೆಮನೆಯಿಂದ ನೀರಿನ ತಂಬಿಗೆ ಹಿಡಿದು ಓಡಿ ಬಂದೆ. ಗಂಟಲಿಗೆ ಏನೋ ಸಿಕ್ಕಿಕೊಂಡಿದೆ ಅಂದುಕೊಂಡಿದ್ದೆ.

ಅಪ್ಪ ತುರ್ವಿಹಾಳದವನು. ಅವನ ಕೆಲಸ ಕಾಲುವೆಯ ಗೇಟು ಎತ್ತುವುದು, ಇಳಿಸುವುದು. ಮೇಲಿನ ಹೊಲದವರು ಇನ್ನೊಂದು ತಾಸು ನೀರು ಬಿಡು ಅನ್ನುವರು, ಕೆಳಗಿನ ಹೊಲದವರು ಈಗಲೇ ಬಂದ್ ಮಾಡು ಅನ್ನುವರು. ಒಬ್ಬರ ಮುಂದೆ ನಕ್ಕರೆ ಇನ್ನೊಬ್ಬರಿಗೆ ಸಂಶಯ. ಹೀಗಾಗಿ ಅವನು ನಗುವುದನ್ನೇ ಬಿಟ್ಟ ಎಂದು ಅವ್ವ ಹೇಳುತ್ತಿದ್ದಳು.

"ಮದುವ್ಯಾಗರ ನಕ್ಕಿದ್ದನೇನು?" ಅಂತ ಕೇಳಿದರೆ, "ಹಣಿಗೆ ಬಾಸಿಂಗ ಕಟ್ಟಿದ್ರು, ನನಗ ಮುಖ ಕಾಣಲಿಲ್ಲ" ಅನ್ನುತ್ತಿದ್ದಳು.

ಕೆಲಸ ಬಿಟ್ಟ ಮೇಲೆ ಅಪ್ಪನ ಬಲಗಣ್ಣಿಗೆ ಪೊರೆ ಬಂತು. ಸಿಂಧನೂರಿನಲ್ಲಿ ಆಪರೇಷನ್ ಮಾಡಿಸಿ, ಲಿಂಗಸುಗೂರಿನ ನಮ್ಮ ಮನೆಗೆ ಕರೆತಂದೆ. ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ, ಬೇಸಿಗೆ ರಜೆ ಇತ್ತು. ಎಮ್ಮೆಗಳನ್ನು ಬಿಟ್ಟು ಬರಲಾಗದೆ ಅವ್ವ ಊರಲ್ಲೇ ಉಳಿದಳು. ಡಾಕ್ಟರು ಹೇಳಿದ್ದು ಇಷ್ಟು: ಬಗ್ಗಬಾರದು, ಭಾರ ಎತ್ತಬಾರದು, ಜೋರಾಗಿ ಕೆಮ್ಮಬಾರದು. ನಗುವಿನ ಬಗ್ಗೆ ಅವರು ಏನೂ ಹೇಳಿರಲಿಲ್ಲ. ಅಪ್ಪನ ಮುಖ ನೋಡಿದ ಯಾರಿಗೂ ಹಾಗೆ ಹೇಳಬೇಕು ಅನ್ನಿಸುತ್ತಿರಲಿಲ್ಲ ಬಿಡಿ.

ಎಂಟು ವರ್ಷದ ನನ್ನ ಮಗಳಿಗೆ ಹಳೆಯ ಕಾರ್ಟೂನುಗಳ ಹುಚ್ಚು. ಹೊಸ ಕಾರ್ಟೂನುಗಳಲ್ಲಿ ಎಲ್ಲರೂ ಬರೀ ಮಾತಾಡುತ್ತಾರೆ, ಹಳೆಯದರಲ್ಲಿ ಬೀಳುತ್ತಾರೆ ಅನ್ನುವುದು ಅವಳ ವಾದ. ಅಪ್ಪ ಕಪ್ಪು ಕನ್ನಡಕ ಹಾಕಿಕೊಂಡು ಮೂಲೆಯ ಕುರ್ಚಿಯಲ್ಲಿ ಕೂತಿರುತ್ತಿದ್ದ. ಟಿವಿಯಿಂದ ಠಣ್, ಧಡಾರ್, ಪಚಕ್ ಎಂಬ ಸಪ್ಪಳಗಳು ಬರುತ್ತಿದ್ದವು. ಎರಡು ದಿನ ಸಹಿಸಿಕೊಂಡು ಮೂರನೇ ದಿನ ಕೇಳಿದ:

"ಏನವ್ವ ಅದು, ಪಾತ್ರೆ ಅಂಗಡಿಯೇನು?"

"ಅಲ್ಲ ತಾತ. ನರಿ ಕೋಳಿ ಹಿಡಿಯಾಕ ಹೊಂಟೈತಿ."

"ಹಿಡೀತೇನು?"

"ಒಮ್ಮೆನೂ ಹಿಡಿಯಂಗಿಲ್ಲ."

"ಮತ್ತ ಯಾಕ ನೋಡ್ತಿ?" ಅಂದವನು ಕುರ್ಚಿಯನ್ನು ತುಸು ಮುಂದೆ ಎಳೆದುಕೊಂಡ.

ಆವತ್ತಿನ ಕತೆಯಲ್ಲಿ ಕೋಳಿ ಹೊಳೆಯ ನಡುಗಡ್ಡೆಯಲ್ಲಿ ಕೂತಿತ್ತು. ಅದನ್ನು ಮುಳುಗಿಸಬೇಕೆಂದು ನರಿ ಅಣೆಕಟ್ಟಿನ ಗೇಟು ಎತ್ತತೊಡಗಿತು. ಕೈಕೆಲಸದ ನಡುವೆ ನನಗೆ ಅಪ್ಪನ ದನಿ ಕೇಳಿತು. "ಲೇ, ಒಮ್ಮೆಲೆ ಎತ್ತಬ್ಯಾಡಲೇ! ನಾಕು ಬೆರಳು ಎತ್ತಿ ನಿಂದ್ರು! ಕೆಳಗ ನಿಂತೀಯಲ್ಲೋ ಹುಚ್ಚಾ!" ಮೂವತ್ತು ವರ್ಷದ ಅನುಭವ ಮಾತಾಡುತ್ತಿತ್ತು. ನರಿ ಕೇಳಲಿಲ್ಲ. ನೀರು ಬಂದು ನರಿಯನ್ನೇ ಎತ್ತಿಕೊಂಡು ಹೋಗಿ, ಕಲ್ಲಿಗೆ ಅಪ್ಪಳಿಸಿ, ಜೋಳದ ರೊಟ್ಟಿಯಂತೆ ತೆಳ್ಳಗೆ ಮಾಡಿಬಿಟ್ಟಿತು. ಕೋಳಿ ಬಂದು ಆ ರೊಟ್ಟಿಯನ್ನು ಹಿಂಡಿ ಹಗ್ಗಕ್ಕೆ ಒಣಹಾಕಿತು.

ಆಗಲೇ ನಾನು ತಂಬಿಗೆ ಹಿಡಿದು ಓಡಿದ್ದು. ಅಪ್ಪ ಕುರ್ಚಿಯ ಎರಡೂ ಕೈ ಹಿಡಿದುಕೊಂಡು, ಭುಜ ಕುಣಿಸುತ್ತಾ, ಹಳೆಯ ಪಂಪ್‌ಸೆಟ್ ಶುರುವಾಗುವಂತೆ ಸದ್ದು ಮಾಡುತ್ತಿದ್ದ. ಮಗಳು ಟಿವಿ ಬಿಟ್ಟು ತಾತನನ್ನೇ ನೋಡುತ್ತಾ ನಿಂತಿದ್ದಳು. ಅದು ನಗು ಎಂದು ಗೊತ್ತಾಗಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಗೊತ್ತಾದ ಮೇಲೆ ಬೇರೆ ಭಯ ಶುರುವಾಯಿತು. ಆಪರೇಷನ್ ಆದ ಕಣ್ಣಿಗೆ ಏನಾದರೂ ಆದರೆ! ಆಸ್ಪತ್ರೆಗೆ ಫೋನು ಹಚ್ಚಿದೆ. ನರ್ಸ್ ಎತ್ತಿದಳು.

"ಮೇಡಂ, ನಮ್ಮಪ್ಪ ನಗಾಕತ್ತಾನ್ರಿ."

"ಛಲೋ ಆತಲ್ರಿ."

"ಹಂಗಲ್ರಿ, ಭಾಳ ಜೋರ ನಗಾಕತ್ತಾನ. ಕಣ್ಣಿಗೆ ಏನರ ಆದೀತೇನ್ರಿ?"

"ತಡೀರಿ" ಅಂದಳು. ಬಹುಶಃ ಇಂಥ ಫೋನು ಆಕೆಗೂ ಹೊಸದು. ಒಳಗೆ ಹೋಗಿ ಕೇಳಿ ಬಂದು ಹೇಳಿದಳು: "ನಗಲಿ ಅಂದ್ರು ಡಾಕ್ಟರು. ಆದ್ರ ಒಂದು ವಾರ ಮೆತ್ತಗ ನಗಬೇಕಂತ."

ಆ ವಾರ ರಿಮೋಟು ಹಿಡಿದು ಕೂತ ನನ್ನ ಮಗಳೇ ಅಧಿಕಾರಿ. ಅಪ್ಪನ ಭುಜ ಕುಣಿಯತೊಡಗಿದರೆ ಕಾರ್ಟೂನು ಗಾಳಿಯಲ್ಲೇ ನಿಲ್ಲುತ್ತಿತ್ತು. "ತಾತ, ಮೆತ್ತಗ!" ಅಪ್ಪ ತುಟಿ ಬಿಗಿದು, ಉಸಿರು ಎಳೆದುಕೊಂಡು, "ಹ್ಞೂಂ, ಹಚ್ಚು" ಅನ್ನುತ್ತಿದ್ದ. ಅರ್ಧ ದಾರಿಯಲ್ಲಿ ಬೀಳುತ್ತಿದ್ದ ನರಿ ಅಷ್ಟು ಹೊತ್ತೂ ಆಕಾಶದಲ್ಲೇ ಕಾಯುತ್ತಿತ್ತು.

ಮತ್ತೆ ತಪಾಸಣೆಗೆ ಸಿಂಧನೂರಿಗೆ ಹೋದಾಗ ಕಣ್ಣು ಬೇಷಾಗಿದೆ ಅಂದರು. ಆ ಖುಷಿಯಲ್ಲಿ ಮೂವರೂ ಸಿನಿಮಾಕ್ಕೆ ಹೋದೆವು. ಎಲ್ಲರ ಬಾಯಲ್ಲೂ ಇದ್ದ ಹೊಸ ಚಿತ್ರ. ನಾಯಕ ಒಂದೇ ಏಟಿಗೆ ಹತ್ತು ಜನರನ್ನು ಹಾರಿಸುತ್ತಿದ್ದ, ಲಾರಿಗಳು ಮಗುಚುತ್ತಿದ್ದವು, ನೆಲ ನಡುಗುತ್ತಿತ್ತು. ಮಗಳು ಕಿವಿ ಮುಚ್ಚಿಕೊಂಡಳು. ಅಪ್ಪನ ಕಡೆ ತಿರುಗಿ ನೋಡಿದರೆ ಗೊರಕೆ! ಅಂಥ ಗದ್ದಲದಲ್ಲಿ ಅವನ ಗೊರಕೆ ಕೇಳಿಸಿತೆಂದರೆ ನೀವೇ ಲೆಕ್ಕ ಹಾಕಿ. ಮಧ್ಯಂತರದಲ್ಲಿ ಎಬ್ಬಿಸಿದೆ.

"ಮುಗೀತೇನು?"

"ಅರ್ಧ ಮುಗೀತು."

"ಇವರೂ ಅದನ್ನ ಮಾಡಾಕತ್ತಾರ, ನರಿ ಮಾಡಿದ್ದನ್ನ. ಆದ್ರ ನರಿಗೆ ನಾಚಿಕಿ ಐತಿ" ಅಂದು ಎದ್ದು ನಿಂತ. ಉಳಿದರ್ಧ ನೋಡಲಿಲ್ಲ. ಬಸ್ಸು ಮಸ್ಕಿಯಲ್ಲಿ ನಿಂತಾಗ ಮಿರ್ಚಿ ಭಜಿ ತಿಂದು, ಎದುರಿಗಿನ ಬೆಟ್ಟ ನೋಡುತ್ತಾ, ಆ ಸಿನಿಮಾ ನೋಡಬಾರದೆಂದು ಪಕ್ಕದ ಸೀಟಿನವರಿಗೂ ಹೇಳಿದ.

ಅಪ್ಪನಿಗೆ ಸಿನಿಮಾ ಸೇರುವುದಿಲ್ಲ ಅಂತಲ್ಲ, ಅವನಿಗೆ ತಕ್ಕ ಸಿನಿಮಾ ಸಿಕ್ಕಿಲ್ಲ ಅಷ್ಟೇ ಎಂದು ನನಗೆ ಹಟ ಬಂತು. ಮುಂದಿನ ವಾರ ಲಿಂಗಸುಗೂರಿಗೇ ಇನ್ನೊಂದು ಚಿತ್ರ ಬಂತು. ಹೆಸರಾಂತ ನಟರಿಲ್ಲ, ಹೊಡೆದಾಟವಿಲ್ಲ. ಐವತ್ತು ದಾಟಿದ ಒಬ್ಬ ಹೆಂಗಸು ಬಸ್ಸು ಓಡಿಸಲು ಕಲಿಯುವ ಕತೆ. ಗಂಡ ಅವಳನ್ನು ನೋಡಿ ಊರ ಮುಂದೆ ನಗುತ್ತಾನೆ, ಅವಳು ಮಾತಾಡದೆ ಕಲಿಯುತ್ತಾಳೆ. ಇಡೀ ಟಾಕೀಸಿನಲ್ಲಿ ನಮ್ಮನ್ನು ಬಿಟ್ಟರೆ ಹತ್ತು ಹನ್ನೆರಡು ಜನ. ಗೊರಕೆಗೆ ನಾನು ಮೊದಲೇ ತಯಾರಾಗಿದ್ದೆ.

ಬರಲಿಲ್ಲ. ಆ ಹೆಂಗಸು ಮೊದಲ ಸಲ ಒಬ್ಬಳೇ ಬಸ್ಸು ಹೊರಡಿಸುವಾಗ ಅಪ್ಪನ ಕನ್ನಡಕದ ಕೆಳಗಿಂದ ನೀರು ಇಳಿಯುತ್ತಿತ್ತು. ನಾನು ಗಾಬರಿಯಾಗಿ ಚೀಲದಿಂದ ಕಣ್ಣಿನ ಔಷಧಿ ತೆಗೆದೆ.

"ತಲಿ ಮ್ಯಾಗ ಎತ್ತಪಾ, ಹನಿ ಹಾಕ್ತೀನಿ."

"ಹನಿ ಬ್ಯಾಡ ಸುಮ್ಮನಿರು. ಎಡಗಣ್ಣಾಗೂ ಬರಾಕತ್ತೈತಿ, ಕಾಣಂಗಿಲ್ಲೇನು?"

ಮನೆಗೆ ನಡೆದುಕೊಂಡು ಬರುವಾಗ ಅವನೇ ಬಾಯಿ ಬಿಟ್ಟ. "ನಿಮ್ಮವ್ವ ಸೈಕಲ್ ಕಲೀತೀನಿ ಅಂದಿದ್ದಳು. ನೀ ಆಗ ತೊಟ್ಟಿಲದಾಗ ಇದ್ದಿ. ಗೇಟಿಗೆ ನನಗ ಬುತ್ತಿ ತರಾಕ ಮೂರು ಮೈಲಿ ನಡೀಬೇಕಿತ್ತಲ್ಲ."

"ನೀ ಏನಂದಿ?"

"ಮಂದಿ ನಗ್ತಾರ ಅಂದೆ." ಸ್ವಲ್ಪ ದೂರ ನಡೆದು ಸೇರಿಸಿದ, "ಮಂದಿ ನಗಲಿಲ್ಲ. ಅವರನ್ನ ಯಾರೂ ಕೇಳೇ ಇಲ್ಲ. ನಾನೇ ಅಂದುಬಿಟ್ಟೆ."

ಮಗಳು, "ಈಗ ಕಲಿಸು ತಾತ" ಅಂದಳು, ಪೆನ್ಸಿಲು ಕಳೆದರೆ ಇನ್ನೊಂದು ತಗೋ ಅನ್ನುವಷ್ಟು ಸಲೀಸಾಗಿ.

ಅಪ್ಪ ಊರಿಗೆ ಹೋದ ಹತ್ತನೇ ದಿನ ಅವ್ವನ ಫೋನು ಬಂತು. ಏದುಸಿರು ಬಿಡುತ್ತಿದ್ದಳು.

"ನಿಮ್ಮಪ್ಪಗ ಅಲ್ಲಿ ಏನು ತೋರಿಸಿ ಕಳಿಸೀದಿ? ಪಕ್ಕದ ಮನಿ ಹುಡುಗೀದು ಸೈಕಲ್ ಇಸಕೊಂಡು ಬಂದಾನ. ದಿನಾ ಮುಂಜಾನಿ ಕಾಲುವಿ ದಂಡಿಮ್ಯಾಗ ನನ್ನ ಹತ್ತಿಸಿ ಹಿಂದ ಹಿಡಕೊಂಡು ಓಡ್ತಾನ. ಎರಡು ಸಲ ಬಿದ್ದೀನಿ. ಸೀರಿ ಚೈನಿನಾಗ ಸಿಕ್ಕು ಹರದೈತಿ."

"ಅಯ್ಯೋ, ಬ್ಯಾಡ ಅನ್ನಬೇಕಿಲ್ಲೇನು?"

"ಯಾಕ ಬ್ಯಾಡ ಅನ್ನಲಿ?" ಎಂದಳು ಅವ್ವ, ನಾನೇ ಏನೋ ತಪ್ಪು ಮಾತಾಡಿದವಳಂತೆ.

ಮುಂದಿನ ಭಾನುವಾರ ಮಗಳ ಜೊತೆ ತುರ್ವಿಹಾಳದಲ್ಲಿ ಬಸ್ಸಿಳಿದೆ. ಕಾಲುವೆಯ ಕಡೆಯಿಂದ ಅವ್ವ ಸೈಕಲ್ ಮೇಲೆ ಬರುತ್ತಿದ್ದಳು. ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿದ್ದಳು, ಹಿಡಿಕೆಯನ್ನು ಎಮ್ಮೆಯ ಕೊಂಬು ಹಿಡಿದಂತೆ ಹಿಡಿದಿದ್ದಳು. ಹಿಂದೆ ಅಪ್ಪ ಟವೆಲ್ ಬೀಸುತ್ತಾ ಓಡಿ ಬರುತ್ತಿದ್ದ. ನಾವು ಕೈ ಎತ್ತಿದೆವು. ಅವ್ವ ನಮ್ಮನ್ನು ನೋಡಿ, "ಬಂದ್ರೇನವ್ವ!" ಎಂದು ಕೂಗಿ, ನಿಲ್ಲದೆ ನಮ್ಮ ಮುಂದಿನಿಂದ ಸೀದಾ ಹೋಗಿಬಿಟ್ಟಳು. ಅವಳಿಗೆ ಬ್ರೇಕು ಹಿಡಿಯುವುದು, ತಿರುಗಿಸುವುದು ಇನ್ನೂ ಬಂದಿರಲಿಲ್ಲ.