ರಾಕ್ಷಸಿಗೆ ಇಳಕಲ್ ಸೀರೆ

ಅಮೆರಿಕದ ರೌಂಡ್ ರಾಕ್‌ನ ನಮ್ಮ ಬೀದಿಯಲ್ಲಿ ಕಚ್ಚೆ ಹಾಕಿ ಇಳಕಲ್ ಸೀರೆ ಉಟ್ಟು ಓಡಾಡುವವರು ಒಬ್ಬರೇ, ಎದುರುಮನೆಯ ಸುಮಿತ್ರವ್ವ. ಮೊಮ್ಮಗಳು ಹರ್ಷಿಣಿ ಹುಟ್ಟಿದಾಗ ಬಾಗಲಕೋಟೆಯಿಂದ ಬಂದವರು, ಇಲ್ಲೇ ಉಳಿದರು. ಅಂಗಡಿಯ ಕ್ಯಾಶಿಯರ್ ಹುಡುಗಿಯ ಹತ್ತಿರವೂ ಕನ್ನಡದಲ್ಲೇ ಮಾತು. ಅವಳಿಗೆ ಅರ್ಥವಾಗದಿದ್ದರೆ ಅದು ಅವಳ ಕರ್ಮ. ಮೈಸೂರಿನವಳಾದ ನನಗೆ ಮೊದಮೊದಲು ಸುಮಿತ್ರವ್ವ ಮಾತಾಡಿದರೆ ಬೈದ ಹಾಗೆ ಕೇಳುತ್ತಿತ್ತು. ನಿಜವಾಗಿ ಬೈದಾಗ ಎರಡಕ್ಕೂ ಇರುವ ವ್ಯತ್ಯಾಸ ತಿಳಿಯಿತು.

ಬೈಯುವ ಹಕ್ಕು ಅವರಿಗಿದೆ. ಮಗ ವಿನಾಯಕ್ ಇನ್ನೂ ತೊಟ್ಟಿಲಲ್ಲಿದ್ದಾಗ ಗಂಡ ಕೆಲಸದ ನೆಪ ಹೇಳಿ ಸೊಲ್ಲಾಪುರಕ್ಕೆ ಹೋದ, ಅಲ್ಲೇ ಇನ್ನೊಬ್ಬಳನ್ನು ಮದುವೆಯಾದ. ಊರಿನವರು ಅವನಿಗೆ ಒಂದು ಮಾತು ಅಂದರೇ? ಇಲ್ಲ. ಗಂಡನನ್ನು ಓಡಿಸಿದ ರಾಕ್ಷಸಿ ಎಂದು ಇವರಿಗೇ ಹೆಸರಿಟ್ಟರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ಜನ. ಸುಮಿತ್ರವ್ವ ಬಸ್‌ಸ್ಟ್ಯಾಂಡ್ ಹತ್ತಿರ ಖಾನಾವಳಿ ಇಟ್ಟು, ಹಾಗೆ ಅಂದವರಿಗೇ ರೊಟ್ಟಿ ಬಡಿದು ಹಾಕಿ, ಮಗನನ್ನು ಎಂಜಿನಿಯರ್ ಮಾಡಿದರು.

ಇಷ್ಟು ಗೊತ್ತಿದ್ದರೆ ಆ ನಾಟಕದ ಗಲಾಟೆಯಲ್ಲಿ ನನಗೆ ಯಾಕೆ ಮೈ ಉರಿಯಿತು ಎನ್ನುವುದು ತಿಳಿಯುತ್ತದೆ.

ಎರಡು ಸಾವಿರದ ಹದಿನಾಲ್ಕರ ವಸಂತದಲ್ಲಿ ಹರ್ಷಿಣಿಯ ಶಾಲೆಯಲ್ಲಿ ಥಾಯ್ ದೇಶದ ಒಂದು ಹಳೆಯ ಮಹಾಕಾವ್ಯವನ್ನು ನಾಟಕ ಮಾಡಿದರು. ಒಬ್ಬ ರಾಜಕುಮಾರ ಕೊಳಲು ಊದುತ್ತಾನೆ. ಸಮುದ್ರದ ರಾಕ್ಷಸಿ ಆ ನಾದಕ್ಕೆ ಮರುಳಾಗಿ ಅವನನ್ನು ತನ್ನ ಗುಹೆಗೆ ಹೊತ್ತೊಯ್ದು ಸಂಸಾರ ಹೂಡುತ್ತಾಳೆ. ಒಂದು ಮಗುವೂ ಆಗುತ್ತದೆ. ಅವಳ ನಿಜರೂಪ ತಿಳಿದ ಮೇಲೆ ಅವನು ಮಗುವನ್ನು ಎತ್ತಿಕೊಂಡು ಓಡಿಹೋಗುತ್ತಾನೆ. ಅಟ್ಟಿಸಿಕೊಂಡು ಬಂದವಳು ಅದೇ ಕೊಳಲಿನ ನಾದಕ್ಕೆ ಎದೆಯೊಡೆದು ಸಾಯುತ್ತಾಳೆ. ಅವನು ಮುಂದೆ ಒಬ್ಬ ರಾಜಕುಮಾರಿಯನ್ನು ಮದುವೆಯಾಗುತ್ತಾನೆ. ಹರ್ಷಿಣಿಗೆ ಸಿಕ್ಕಿದ್ದು ರಾಕ್ಷಸಿಯ ಪಾತ್ರ. ಕಥೆ ಕೇಳಿದ ಸುಮಿತ್ರವ್ವ, "ಕೂಸು ಹಡದು ಸಂಸಾರ ಮಾಡಿದಾಕಿ ರಾಕ್ಷಸಿ, ಬಿಟ್ಟು ಓಡಿದಾಂವ ರಾಜಕುಮಾರ. ಛಲೋ ಐತಿ ನಿಮ್ಮ ಕಥಿ," ಎಂದರು.

ನಾಟಕದ ಟೀಚರ್ ಮಾಲಿ, ತಾಯಿಯ ಕಡೆಯಿಂದ ಥಾಯ್. ಅವರ ಭಾಷೆಯಲ್ಲಿ ಮಾಲಿ ಎಂದರೆ ಮಲ್ಲಿಗೆಯಂತೆ. ಅದು ತಿಳಿದ ದಿನದಿಂದ ಸುಮಿತ್ರವ್ವನ ಬಾಯಲ್ಲಿ ಆಕೆ "ಮಲ್ಲಿಗಿ ಟೀಚರು". ಮೊಮ್ಮಗಳನ್ನು ಕರೆತರಲು ಹೋದ ಸುಮಿತ್ರವ್ವನ ಕಚ್ಚೆ ನೋಡಿ ಮಾಲಿ ನಿಂತುಬಿಟ್ಟರು. ನಮ್ಮಜ್ಜಿಯೂ ಹೀಗೇ ಹಿಂದಕ್ಕೆ ಸಿಕ್ಕಿಸಿ ಉಡುತ್ತಿದ್ದರು, ರಾಕ್ಷಸಿಗೆ ಹೀಗೇ ಉಡಿಸಿಕೊಡುತ್ತೀರಾ ಎಂದು ಹರ್ಷಿಣಿಯ ಬಾಯಿಂದ ಕೇಳಿಸಿದರು. ಸುಮಿತ್ರವ್ವ ಪೆಟ್ಟಿಗೆಯಿಂದ ತಮ್ಮ ದಾಳಿಂಬೆ ಬಣ್ಣದ ಸೀರೆಯನ್ನೇ ತೆಗೆದು ಉಡಿಸಿದರು. ಹರ್ಷಿಣಿ ಕನ್ನಡಿ ಬಿಟ್ಟು ಕದಲಲಿಲ್ಲ.

ರಿಹರ್ಸಲ್ ಫೋಟೋ ವಾಟ್ಸಾಪಿನಲ್ಲಿ ಹರಿದಾಡಿ ವೆಂಕಟಗಿರಿಯವರ ಕಣ್ಣಿಗೆ ಬಿತ್ತು. ಇವರು ನಮ್ಮ ಕನ್ನಡ ಬಳಗದ ಸಂಸ್ಕೃತಿ ಕಾರ್ಯದರ್ಶಿ. ಸ್ವಂತ ಮಕ್ಕಳಿಗೆ ಕನ್ನಡದಲ್ಲಿ ನೀರು ಕೇಳಲೂ ಬಾರದು, ಇವರು ಊರ ಸಂಸ್ಕೃತಿ ಕಾಯುತ್ತಾರೆ. ರಾಕ್ಷಸಿಗೆ ನಮ್ಮ ಸೀರೆ ಉಡಿಸಿ ಹಿಂದೂ ಹೆಣ್ಣಿಗೆ ಅವಮಾನ ಮಾಡಿದ್ದಾರೆ ಎಂದು ಬಳಗದ ಹೆಸರಲ್ಲಿ ಪ್ರಿನ್ಸಿಪಾಲರಿಗೆ ದೂರು ಕೊಟ್ಟರು. ಪ್ರಿನ್ಸಿಪಾಲರು ಹೆದರಿದರು. ರಾಕ್ಷಸಿಗೆ ಕಪ್ಪು ನಿಲುವಂಗಿ ಹಾಕೋಣ, ಸೀರೆಯನ್ನು ಕೊನೆಯಲ್ಲಿ ಮದುವೆಯಾಗುವ ರಾಜಕುಮಾರಿಗೆ ಉಡಿಸೋಣ ಎಂದು ರಾಜಿಸೂತ್ರ ತೆಗೆದರು. ವೆಂಕಟಗಿರಿಯವರಿಗೆ ತುಂಬ ಹಿಡಿಸಿತು.

ಸುದ್ದಿ ಹೇಳಿದ ಹರ್ಷಿಣಿಯ ಕಣ್ಣಲ್ಲಿ ನೀರಿತ್ತು. ಸುಮಿತ್ರವ್ವನ ಕಣ್ಣಲ್ಲಿ ಇದ್ದದ್ದು ನೀರಲ್ಲ.

"ಉಷಾ, ಕಾರ್ ತಗಿ," ಎಂದರು ನನಗೆ.

ಪ್ರಿನ್ಸಿಪಾಲರ ಕೋಣೆಯಲ್ಲಿ ವೆಂಕಟಗಿರಿ ಆಗಲೇ ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. ಅವರನ್ನು ನೋಡಿದ್ದೇ ನನ್ನ ಪಿತ್ತ ನೆತ್ತಿಗೇರಿತು.

"ಆಂಟಿ, ತಪ್ಪು ತಿಳ್ಕೋಬೇಡಿ," ಎಂದರು. "ನಿಮ್ಮ ಸೀರೆ ಮರ್ಯಾದೆ ಉಳಿಸೋಕೇ ನಾನು ಹೇಳಿದ್ದು. ಒಳ್ಳೆ ಹೆಣ್ಣಿನ ಪಾತ್ರಕ್ಕೆ ಉಡಿಸ್ತಾರೆ, ಚೆನ್ನಾಗಿರುತ್ತೆ."

"ಒಬ್ಬಾಕಿ ಗಂಡನ್ನ ಕಟಗೊಂಡಾಕಿ ಒಳ್ಳೆಯಾಕಿ ಏನ್ರಿ? ಆಕಿಗೆ ನನ್ನ ಸೀರಿ ಕೊಡಂಗಿಲ್ಲ."

"ಇದು ಬರೀ ಕಥೆ ಆಂಟಿ."

"ಕಥಿ ಆದ್ರ ನೀವ್ಯಾಕ ದೂರು ಕೊಟ್ರಿ?"

ಪ್ರಿನ್ಸಿಪಾಲರು ನನ್ನ ಮುಖ ನೋಡಿದರು. ನಾನು ಒಂದಕ್ಷರ ಬಿಡದೆ ಇಂಗ್ಲಿಷಿಗೆ ಇಳಿಸುತ್ತಿದ್ದೆ, ಸ್ವಲ್ಪ ಖಾರವನ್ನೂ ಸೇರಿಸಿ. ರಾಕ್ಷಸಿ ಈ ಸೀರೆ ಉಟ್ಟರೆ ನಿಮ್ಮ ಸಂಸ್ಕೃತಿಗೆ ನೋವಾಗುವುದಿಲ್ಲವೇ ಎಂದು ಅವರು ಸುಮಿತ್ರವ್ವನನ್ನೇ ಕೇಳಿದರು.

ಸುಮಿತ್ರವ್ವ ಉಟ್ಟ ಸೀರೆಯ ಸೆರಗನ್ನು ಮುಂದಕ್ಕೆ ಎಳೆದು ಹಿಡಿದರು. "ನನ್ನ ಗಂಡ ಬಿಟ್ಟು ಹೋದ ಮ್ಯಾಲೆ ಊರ ಮಂದಿ ನನಗ ರಾಕ್ಷಸಿ ಅಂತಿದ್ರು. ಇಪ್ಪತ್ತು ವರ್ಷ ಅಂದ್ರು. ಅಷ್ಟೂ ದಿನ ಇಂಥಾ ಸೀರಿನಽ ಉಟ್ಟೀನಿ. ಸೀರಿಗೆ ಏನೂ ಆಗಿಲ್ಲ."

ಇದಕ್ಕೆ ಖಾರ ಸೇರಿಸದೆ, ಇದ್ದ ಹಾಗೇ ಹೇಳಿದೆ. ಪ್ರಿನ್ಸಿಪಾಲರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಈ ಹೆಂಗಸು ನಿಮ್ಮ ಸಂಸ್ಕೃತಿಗೆ ಸೇರಿದವರೇ ತಾನೇ ಎಂದು ವೆಂಕಟಗಿರಿಯವರನ್ನು ಕೇಳಿದರು. ಅವರು ಕಾಲು ಕೆಳಗಿಳಿಸಿ ಹೌದೆಂದು ಗೊಣಗಿದರು. ಸೀರೆ ರಾಕ್ಷಸಿಗೇ ಉಳಿಯಿತು.

ನಾಟಕದ ಸಂಜೆ ಹರ್ಷಿಣಿ ದಾಳಿಂಬೆ ಬಣ್ಣದ ಕಚ್ಚೆಯಲ್ಲಿ ವೇದಿಕೆಯ ಮೇಲೆಲ್ಲ ಓಡಿ, ಗಂಡನನ್ನು ಕೂಗಿ, ಮಗುವನ್ನು ಕೂಗಿ, ನೀಲಿ ಬಟ್ಟೆಯ ಸಮುದ್ರದ ದಡದಲ್ಲಿ ಬಿದ್ದು ಸತ್ತಳು. ಸುಮಿತ್ರವ್ವ ನನ್ನ ಕೈಯನ್ನು ನೋಯುವಷ್ಟು ಬಿಗಿ ಹಿಡಿದಿದ್ದರು. ರಾಜಕುಮಾರ ಕೊಳಲನ್ನು ಎತ್ತಿ ಹಿಡಿದ. ಇಡೀ ಸಭಾಂಗಣ ಚಪ್ಪಾಳೆ ತಟ್ಟಿತು, ಎರಡನೇ ಸಾಲಿನಲ್ಲಿದ್ದ ವೆಂಕಟಗಿರಿಯವರು ಎಲ್ಲರಿಗಿಂತ ಜೋರಾಗಿ.

ಚಪ್ಪಾಳೆ ಇಳಿಯುವ ಹೊತ್ತಿಗೆ ಸುಮಿತ್ರವ್ವ ಎದ್ದು ನಿಂತರು. ಖಾನಾವಳಿಯಲ್ಲಿ ಕೊನೆಯ ಪಂಕ್ತಿಯವರೆಗೂ ಮುಟ್ಟುತ್ತಿದ್ದ ದನಿ ಅದು.

"ಇಲ್ಲೂ ಅವಂಗಽ ಚಪ್ಪಾಳಿ ಏನು?"

ಅಷ್ಟು ಜನರಲ್ಲಿ ಆ ಮಾತು ಅರ್ಥವಾದದ್ದು ನಾಲ್ಕೈದು ಜನಕ್ಕೆ. ವೆಂಕಟಗಿರಿಯವರ ಕೈ ನಿಂತಿತು. ವೇದಿಕೆಯ ಮೇಲೆ ಸತ್ತು ಬಿದ್ದಿದ್ದ ರಾಕ್ಷಸಿಗೆ ನಗು ತಡೆಯಲಾಗದೆ ಇಳಕಲ್ ಸೆರಗು ಕುಲುಕತೊಡಗಿತು. ನಾನು ಎದ್ದು ನಿಂತು ಅವಳಿಗೆ ಚಪ್ಪಾಳೆ ತಟ್ಟಿದೆ.