ಗಂಡನ ನಡುವಿಗೆ ಕಪಿಲೆಯ ಮಿಣಿ

ನನ್ನವರು ಛಾವಣಿ ಹತ್ತಿ ಹೊಟ್ಟೆ ಹೊರೆಯುವವರು, ನಾನು ನೆಲದ ಮೇಲೆ ನಿಂತು ಸಿಟ್ಟು ಮಾಡುವವಳು. ನಮ್ಮ ಸಂಸಾರದಲ್ಲಿ ಕೆಲಸ ಹಂಚಿಕೆಯಾದದ್ದು ಹೀಗೆ. ಕೊಣ್ಣೂರಿನಲ್ಲಿ ಯಾರ ಮನೆಯ ಹೆಂಚು ಸರಿದರೂ, ಯಾವ ಗೋದಾಮಿನ ತಗಡು ಹಾರಿದರೂ ಅವರಿಗೇ ಕರೆ. ಬೆಕ್ಕಿನ ಹಾಗೆ ಸರಸರ ಹತ್ತಿಹೋಗುತ್ತಿದ್ದರು. ನೋಡಿದವರು ಶಹಬ್ಬಾಸ್ ಎನ್ನುತ್ತಿದ್ದರು. ನನಗೆ ಮಾತ್ರ ಅವರು ಕೆಳಗಿಳಿಯುವವರೆಗೆ ಬಾಯಲ್ಲಿಟ್ಟ ತುತ್ತು ಇಳಿಯುತ್ತಿರಲಿಲ್ಲ.

ಹೆದರಿಕೆಯ ಕಾರಣ ಮನೆಯ ಕಟ್ಟೆಯ ಮೇಲೆಯೇ ಕೂತಿರುತ್ತಿತ್ತು. ಅವರು ನನ್ನ ಮಾವ. ಒಂದು ಕಾಲಕ್ಕೆ ಅವರೂ ಇದೇ ಕೆಲಸದವರು. ನಾನು ಸೊಸೆಯಾಗಿ ಬರುವ ಮೊದಲೇ ಅರಭಾವಿಯಲ್ಲಿ ಒಂದು ಹಳೆಯ ಮಣ್ಣಿನ ಮಾಳಿಗೆ ದುರಸ್ತಿಗೆ ಹತ್ತಿದ್ದರಂತೆ. ಗೆದ್ದಲು ತಿಂದ ಜಂತಿ ಮುರಿದು, ಮಣ್ಣಿನ ಸಮೇತ ಕೆಳಗೆ ಬಂದರು. ಜೀವ ಉಳಿಯಿತು, ಬಲಗಾಲು ಮಾತ್ರ ಆಟಕ್ಕುಂಟು ಲೆಕ್ಕಕ್ಕಿಲ್ಲ ಎನ್ನುವಂತಾಯಿತು. ನಾಲಿಗೆಗೆ ಯಾವ ಪೆಟ್ಟೂ ಬಿದ್ದಿರಲಿಲ್ಲ. ನನ್ನನ್ನು ತವರಿನ ಹೆಸರು ಹಿಡಿದೇ ಕೂಗುತ್ತಿದ್ದರು. “ಏ ಮೇಲವಂಕಿ, ನೀರ ತಾ. ಏ ಮೇಲವಂಕಿ, ರೊಟ್ಟಿ ಯಾಕ ಹೊತ್ತೈತಿ?” ಮದುವೆಯಾಗಿ ವರ್ಷಗಳಾದರೂ ಆ ಮನೆಯಲ್ಲಿ ನಾನೊಂದು ಊರಾಗಿಯೇ ಇದ್ದೆ.

ಆ ಮೇಲವಂಕಿಯಲ್ಲಿ ನಮ್ಮ ಹೊಲಕ್ಕೆ ಬಾವಿಯ ನೀರು, ಬಾವಿಗೆ ಕಪಿಲೆ. ಈಗಿನವರಿಗೆ ಬಿಡಿಸಿ ಹೇಳಬೇಕು. ದೊಡ್ಡ ತೊಗಲಿನ ಚೀಲವನ್ನು ಮಿಣಿ ಎಂಬ ತೊಗಲಿನ ಹಗ್ಗಕ್ಕೆ ಕಟ್ಟಿ ಬಾವಿಗೆ ಬಿಡುತ್ತಿದ್ದರು. ಮಿಣಿಯ ಇನ್ನೊಂದು ತುದಿ ಎತ್ತುಗಳ ನೊಗಕ್ಕೆ. ಎತ್ತುಗಳು ಮುಂದೆ ಹೋದರೆ ಚೀಲ ಮೇಲೆ ಬರುತ್ತದೆ, ಹಿಂದೆ ಸರಿದರೆ ಕೆಳಗಿಳಿಯುತ್ತದೆ. ಅವನ್ನು ನಡೆಸುವುದು ಬಾರುಕೋಲಲ್ಲ, ಹಾಡು. ಗಂಡುಮಕ್ಕಳಿಲ್ಲದ ಮನೆ, ಅಪ್ಪನಿಗೆ ದಮ್ಮು. ಹೀಗಾಗಿ ಹಾಡುವ ಕೆಲಸ ನನ್ನದಾಗಿತ್ತು. ಹಾಡು ಶುರುವಾಗುವವರೆಗೆ ಎತ್ತುಗಳು ಕಲ್ಲಿನ ಬಸವಣ್ಣನಂತೆ ನಿಂತಿರುತ್ತಿದ್ದವು. “ಏರಿ ಬಾ ಗಂಗವ್ವಾ, ತುಂಬಿ ಬಾ” ಎಂದು ಎತ್ತಿಕೊಂಡೆನೋ, ಹೊರಟವೇ. ಚೀಲ ಬಾವಿಯ ಬಾಯಿಗೆ ಬಂದಾಗ ಕೊನೆಯ ‘ಬಾ’ ಎಂಬುದನ್ನು ಎಳೆದು ಹಿಡಿಯಬೇಕು. ಹಿಡಿದಷ್ಟು ಹೊತ್ತು ಅವು ಭಾರ ತಾಳಿಕೊಂಡು ನಿಲ್ಲುತ್ತಿದ್ದವು, ಅಷ್ಟರಲ್ಲಿ ನೀರು ಕಾಲುವೆಗೆ ಸುರಿಯುತ್ತಿತ್ತು. ದನಿ ನಿಂತ ಕೂಡಲೇ ಹಿಂದೆ ಸರಿಯುತ್ತಿದ್ದವು. ಅದು ಅವುಗಳ ರಕ್ತದಲ್ಲೇ ಇಳಿದುಹೋಗಿತ್ತು.

ಆಗ ಯುದ್ಧದ ಕಾಲ. ಕಬ್ಬಿಣದ ತಗಡು ಪೇಟೆಯಿಂದ ಮಾಯವಾಗಿ, ಅದರ ಬದಲು ಸಿಮೆಂಟಿನ ತಗಡು ಬಂದಿತ್ತು. ನೋಡಿದರೆ ಕಲ್ಲು, ತುಳಿದರೆ ಹಪ್ಪಳ. ಕೆಳಗೆ ಜಂತಿ ಇರುವ ಕಡೆ ಕಾಲಿಟ್ಟರೆ ತಡೆಯುತ್ತದೆ, ಗೇಣು ಆಚೆ ಇಟ್ಟರೆ ನೇರ ಪಾತಾಳ. ಹುಕ್ಕೇರಿ ದಾರಿಯಲ್ಲಿದ್ದ ಒಂದು ಜಿನ್ನಿನ, ಅಂದರೆ ಹತ್ತಿಯ ಬೀಜ ಬಿಡಿಸುವ ಕಾರ್ಖಾನೆಯ, ಛಾವಣಿಗೆ ಅದನ್ನು ಹೊದಿಸುವ ಕೆಲಸ ನನ್ನವರಿಗೆ ಸಿಕ್ಕಿತು. ಅದೇ ವಾರ ಮೂಡಲಗಿ ಕಡೆಯಿಂದ ಸುದ್ದಿ ಬಂತು: ಇಂಥದೇ ತಗಡಿನ ಮೇಲೆ ನಡೆಯುತ್ತಿದ್ದವನೊಬ್ಬ ಒಳಗೆ ಹೋದ, ಮತ್ತೆ ಏಳಲಿಲ್ಲ.

ಆ ರಾತ್ರಿ ನಾನು ಕಣ್ಣು ಮುಚ್ಚಲಿಲ್ಲ. ಅಪ್ಪ ಆಗಷ್ಟೇ ಹೊಲವನ್ನು ಗೇಣಿಗೆ ಕೊಟ್ಟು, ಹಳೆಯ ಜೋಡೆತ್ತನ್ನೂ ಮಿಣಿಯನ್ನೂ ನಮ್ಮ ಮನೆಗೆ ಅಟ್ಟಿದ್ದರು. ಹರಿದ ಕಪಿಲೆಯ ಚೀಲವೂ ಅವುಗಳ ಜತೆ ಬಂದಿತ್ತು. ಬೆಳಗಾದದ್ದೇ ಆ ಚೀಲದ ಗಟ್ಟಿ ತೊಗಲು ಕತ್ತರಿಸಿ, ಚಪ್ಪಲಿ ಹೊಲಿಯುವವರ ಹತ್ತಿರ ಕೂತು ಒಂದು ಪಟ್ಟಿ ಮಾಡಿಸಿದೆ. ನಡುವಿಗೆ ಒಂದು ಸುತ್ತು, ತೊಡೆಗಳಿಗೆ ಎರಡು, ಬೆನ್ನ ಹಿಂದೆ ಮಿಣಿ ಕಟ್ಟಲು ಒಂದು ಕಬ್ಬಿಣದ ಬಳೆ. ಛಾವಣಿಯ ನೆತ್ತಿಗೆ ಸಿಕ್ಕಿಸುವ ಕೊಕ್ಕೆಯ ಏಣಿ ನನ್ನವರ ಹತ್ತಿರ ಮೊದಲಿನಿಂದಲೂ ಇತ್ತು. ಜಂತಿಯಿಂದ ಜಂತಿಗೆ ಹಾಸುವ ಹಲಗೆಯೂ ಇತ್ತು. ಪಟ್ಟಿಯನ್ನು ಮಾತ್ರ ಅವರು ಕೈಯಲ್ಲಿ ತಿರುಗಿಸಿ ನೋಡಿ, ಗೂಟಕ್ಕೆ ನೇತುಹಾಕಿ ಹೊರಟರು.

ಮಾವ ಕಟ್ಟೆಯಿಂದಲೇ ತೀರ್ಪು ಕೊಟ್ಟರು. “ಹಗ್ಗ ಕಟ್ಟೂದು ದನಕ್ಕ. ನಮ್ಮ ಮನಿತನದಾಗ ಯಾಂವನೂ ಕಟ್ಟಿಸ್ಕೊಂಡಿಲ್ಲ.”

“ಕಟ್ಟಿಸ್ಕೊಂಡಿದ್ರ ನೀವು ಕಟ್ಟಿ ಮ್ಯಾಲ ಕೂಡ್ತಿದ್ದಿಲ್ರಿ, ಮಾವಾರ” ಎಂದು ನಾಲಿಗೆಯ ತುದಿಗೆ ಬಂದ ಮಾತನ್ನು ನುಂಗಿಕೊಂಡೆ. ಆದರೆ ಮರುದಿನ ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಕುಂಕುಮದ ಭರಣಿ ಮುಟ್ಟದೆ ಬುತ್ತಿ ಕಟ್ಟಿ ತಂದೆ. ನನ್ನವರು ನನ್ನ ಹಣೆ ನೋಡಿದರು.

“ಇದೇನ?”

“ನೀವು ಪಟ್ಟಿ ಕಟ್ಟಿಕೊಳ್ಳೂತನಕ ನಾ ಕುಂಕುಮ ಹಚ್ಚಂಗಿಲ್ರಿ. ಹೆಂಗೂ ಅಳಸೂದೈತಿ, ಹಚ್ಚೂದ್ಯಾಕ?”

ಮುತ್ತೈದೆಯ ಬಾಯಲ್ಲಿ ಬರುವ ಮಾತಲ್ಲ ಅದು. ಮಾವ ಬಡಿಗೆ ಕುಟ್ಟಿ, “ಬಾಯಿ ತೊಳಕೋ ಹೋಗ!” ಎಂದು ಗುಡುಗಿದರು. ನಾನು ನಿಂತಲ್ಲಿಂದ ಸರಿಯಲಿಲ್ಲ. ನನ್ನವರು ಒಳಗೆ ಹೋಗಿ ಪಟ್ಟಿ ಕಟ್ಟಿಕೊಂಡು ಬಂದರು. ನಾನು ಅವರ ಬೆನ್ನ ಹಿಂದಿನ ಗಂಟು ಜಗ್ಗಿ ನೋಡಿ, ಆಮೇಲೆ ಕುಂಕುಮ ಹಚ್ಚಿಕೊಂಡೆ. ಅಂದಿನಿಂದ ಅದೇ ರೂಢಿಯಾಯಿತು. ಮೊದಲು ಗಂಟು, ಆಮೇಲೆ ಕುಂಕುಮ.

ಪಟ್ಟಿ ಆಯಿತು, ಮಿಣಿಯ ತುದಿಯನ್ನು ಕಟ್ಟುವುದೆಲ್ಲಿ? ಜಿನ್ನಿನ ಸುತ್ತ ಒಂದು ಮರವಿರಲಿಲ್ಲ. ಬೇಸಿಗೆಯ ಎರೆಮಣ್ಣು ಬಿರಿದು ನಿಂತಿತ್ತು, ಗೂಟ ಹೊಡೆದರೆ ಹೆಂಟೆಯ ಸಮೇತ ಎದ್ದು ಬರುತ್ತಿತ್ತು. ನನಗೆ ತಿಳಿದ ಗಟ್ಟಿ ಗೂಟ ಒಂದೇ, ನನ್ನ ಜೋಡೆತ್ತು. ನನ್ನವರು ಛಾವಣಿಯ ಒಂದು ಮಗ್ಗುಲಲ್ಲಿ ಕೆಲಸ ಮಾಡುವುದು. ಅವರ ಬೆನ್ನಿನಿಂದ ಹೊರಟ ಮಿಣಿ ನೆತ್ತಿಗೆ ಹಾಸಿದ ಗೋಣಿಚೀಲದ ಮೇಲೆ ಹಾದು, ಇನ್ನೊಂದು ಮಗ್ಗುಲಲ್ಲಿ ಇಳಿದು, ಅಂಗಳದಲ್ಲಿ ನಿಂತ ಎತ್ತುಗಳ ನೊಗಕ್ಕೆ. ಎತ್ತಿನ ಹತ್ತಿರ ನಾನು. ಮಾವನೂ ಬಡಿಗೆ ಊರಿಕೊಂಡು ಬಂದು ಗೋಡೆಯ ನೆರಳು ಹಿಡಿದರು. ಮಗನ ಕೆಲಸ ನೋಡಲು ಎಂದು ಹೇಳಿದರು. ನನ್ನ ಮೂರ್ಖತನ ನೋಡಲು ಬಂದಿದ್ದರೆಂಬುದು ನನಗೆ ಗೊತ್ತಿತ್ತು.

ಮೊದಲ ದಿನವೇ ಅವರಿಗೆ ಹಬ್ಬವಾಯಿತು. ಬಿಸಿಲು, ಎತ್ತು, ಮಿಣಿಯ ವಾಸನೆ, ಎಲ್ಲ ಸೇರಿ ನನಗೆ ತವರಿನ ಬಾವಿ ನೆನಪಾಯಿತು. ಗೊತ್ತಿಲ್ಲದೆ ಗುನುಗಿಬಿಟ್ಟೆ: “ಏರಿ ಬಾ ಗಂಗವ್ವಾ…” ಎತ್ತುಗಳು ಕಿವಿ ನಿಮಿರಿಸಿ ಹೊರಟೇಬಿಟ್ಟವು. ಆಚೆ ಮಗ್ಗುಲಿನಿಂದ, “ಏ! ಏ! ಯಾರ ಅದು!” ಎಂಬ ಕೂಗು. ನೋಡಿದರೆ ನನ್ನ ಗಂಡ ಕೈಯಲ್ಲಿ ಸುತ್ತಿಗೆ ಹಿಡಿದು, ಬೆನ್ನು ಮುಂದಾಗಿ, ಏಣಿಯ ಮೇಲೆ ಜಾರುತ್ತ ಛಾವಣಿಯ ನೆತ್ತಿಗೆ ಬಂದು ಕೂತಿದ್ದಾರೆ. ಹತ್ತಿ ಆರಿಸುವ ಹೆಂಗಸರು ನಕ್ಕು ನಕ್ಕು ಅಲ್ಲೇ ಕುಸಿದರು.

“ಗಂಡನ್ನ ಬಾವಿ ನೀರ ಮಾಡಿದಳಲ್ಲೊ!” ಎಂದು ಮಾವ ಕಣ್ಣೊರೆಸಿಕೊಂಡರು.

ನನ್ನವರು ಕೆಳಗಿಳಿದು ಬಂದು ಹೇಳಿದ್ದು ಇಷ್ಟೇ: “ನಾಳಿಂದ ನೀ ಬಾಯಾಗ ಎಲಿ ಅಡಿಕಿ ಹಾಕ್ಕೊಂಡು ಕೂಡು.”

ನಾನು ಹಾಗೇ ಮಾಡಿದೆ. ಆದರೆ ಮಾವನ ಬಾಯಿಗೆ ಎಲೆ ಅಡಿಕೆ ತುಂಬುವವರು ಯಾರು? ಪ್ರತಿ ಸಂಜೆ ಊಟಕ್ಕೆ ಕೂತಾಗ, ನಾನು ಸಾರು ಬಡಿಸಲು ಬಂದರೆ ಸಾಕು, ಒಡಕು ದನಿಯಲ್ಲಿ “ಏರಿ ಬಾ ಗಂಗವ್ವಾ” ಎಂದು ಎತ್ತಿಕೊಳ್ಳುತ್ತಿದ್ದರು. ಕೊನೆಯ ‘ಬಾ’ ಎಂಬುದನ್ನು ನನ್ನ ಹಾಗೆಯೇ ಎಳೆದು ಅಣಕಿಸುತ್ತಿದ್ದರು. ಅಂಗಳದಲ್ಲಿ ಕಟ್ಟಿದ ಎತ್ತುಗಳು ಮೇವು ಬಿಟ್ಟು ಗೋಣು ಎತ್ತುತ್ತಿದ್ದವು. ನನಗೆ ಬಡಿಸುವ ಸೌಟನ್ನೇ ಒಗೆಯಬೇಕು ಎನ್ನಿಸುವಷ್ಟು ಸಿಟ್ಟು ಬರುತ್ತಿತ್ತು.

ಕೆಲಸ ಮುಗಿಯುತ್ತ ಬಂದಿತ್ತು. ಅವತ್ತು ಮಧ್ಯಾಹ್ನ ಜಿನ್ನು ನಡೆದೇ ಇತ್ತು. ಹತ್ತಿಯ ಸುಗ್ಗಿ, ನಿಲ್ಲಿಸುವ ಹಾಗಿರಲಿಲ್ಲ. ಒಳಗೆ ಎಂಜಿನ್ನಿನ ದೊಡ್ಡ ಗಾಲಿಗೆ ಸುತ್ತಿದ ಪಟ್ಟಾಗಳು ಧಡಧಡ ತಿರುಗುತ್ತಿದ್ದವು. ಒಂದು ತಗಡನ್ನು ಬದಿಗೆ ಸರಿಸಲು ನನ್ನವರು ಹಲಗೆ ಬಿಟ್ಟು ಒಂದು ಕಾಲು ಆಚೆ ಇಟ್ಟರಂತೆ. ನನಗೆ ಕೇಳಿಸಿದ್ದು ಗಡಿಗೆ ಒಡೆದಂಥ ಸಪ್ಪಳ. ಮಿಣಿ ಸೆಟೆದು ಎತ್ತುಗಳು ಒಂದು ಹೆಜ್ಜೆ ಹಿಂದಕ್ಕೆ ಎಳೆಯಲ್ಪಟ್ಟು, ಕಾಲೂರಿ ನಿಂತವು. ಏಣಿಯ ಮೇಲಿದ್ದ ಅವರ ಕೆಲಸದ ಜತೆಗಾರ ಕೂಗಿದ: “ಒಳಗ ಹೋದ! ಜೋತಾಡಾಕತ್ತಾನ! ಕೆಳಗ ಪಟ್ಟಾ ಐತಿ, ಇಳಸಬ್ಯಾಡ್ರಿ!”

ಕೂಲಿಯವರ ಮೇಲಿನ ಮುಕಾದಮ ಎಂಜಿನ್ ಬಂದ್ ಮಾಡಿಸಲು ಓಡಿದ. ಆದರೆ ಆ ದೊಡ್ಡ ಗಾಲಿ ಹೇಳಿದ ಕೂಡಲೇ ನಿಲ್ಲುವಂಥದ್ದಲ್ಲ. ಮಿಣಿಗೆ ಕೈಹಾಕಿದ ಇಬ್ಬರಿಗೆ ಅದನ್ನು ಗೇಣು ಕೂಡ ಎಳೆಯಲಾಗಲಿಲ್ಲ. ಒಬ್ಬ ಎತ್ತಿಗೆ ಹೊಡೆಯಲು ಬಾರುಕೋಲು ಎತ್ತಿದ. ಎತ್ತು ಬೆದರಿ ಓಡಿದರೆ ನನ್ನವರ ತಲೆ ಜಂತಿಗೆ ಬಡಿಯುತ್ತದೆ. “ಮುಟ್ಟಿದ್ರ ಕೈ ಮುರೀತೇನಿ!” ಎಂದು ಚೀರಿ, ಬಾಯಲ್ಲಿದ್ದ ಎಲೆ ಅಡಿಕೆ ಉಗಿದು, ಹಾಡು ಎತ್ತಿಕೊಂಡೆ.

“ಏರಿ ಬಾ ಗಂಗವ್ವಾ, ತುಂಬಿ ಬಾ…”

ಎತ್ತುಗಳು ಹೊರಟವು. ಅವಸರವಿಲ್ಲ, ಹೆದರಿಕೆಯಿಲ್ಲ, ಬಾವಿಯ ಇಳಿಜಾರಿನಲ್ಲಿ ಇಳಿಯುವ ಅದೇ ನಡಿಗೆ. ಮಿಣಿ ನೆತ್ತಿಯ ಗೋಣಿಚೀಲದ ಮೇಲೆ ಕಿರ್ರೆನ್ನುತ್ತ ಜಾರಿತು. ಆಚೆ ಮಗ್ಗುಲು ನನಗೆ ಕಾಣುತ್ತಿರಲಿಲ್ಲ. ಜತೆಗಾರನ ದನಿಯೇ ನನ್ನ ಕಣ್ಣು. “ಬಂತು… ಬಂತು… ತಲಿ ಬಂತು! ಹಿಡಿ! ಬಿಡಬ್ಯಾಡ!”

ನಾನು ‘ಬಾ’ ಎಂಬುದನ್ನು ಹಿಡಿದೆ. ಎತ್ತುಗಳು ನಿಂತವು. ಇನ್ನು ನನ್ನವರು ಒಡಕಿನಿಂದ ಮೈ ಎಳೆದು ಏಣಿಗೆ ದಾಟಬೇಕು. ಚೀಲವಾದರೆ ಬಂದ ಕೂಡಲೇ ಬರಿದಾಗುತ್ತಿತ್ತು. ಮನುಷ್ಯ ಚೀಲವಲ್ಲ. “ಪಟ್ಟಿ ಸಿಕ್ಕೊಂಡೈತಿ, ತಡಿ!” ಎಂದ ಜತೆಗಾರ. ನನ್ನ ಎದೆ ಉರಿಯಿತು, ಕಣ್ಣು ಕತ್ತಲಿಟ್ಟಿತು. ಉಸಿರು ಎಳೆದುಕೊಳ್ಳಲು ಬಾಯಿ ಮುಚ್ಚಿದರೆ ಎತ್ತು ಹಿಂದೆ ಸರಿಯುತ್ತವೆ, ನನ್ನ ಗಂಡ ಪಟ್ಟಾದ ಪಾಲು. ಇದು ತಿಳಿದಿದ್ದವಳು ಆ ಅಂಗಳದಲ್ಲಿ ನಾನೊಬ್ಬಳೇ ಎಂದುಕೊಂಡಿದ್ದೆ. ದನಿ ನೂಲಿನ ಎಳೆಯಷ್ಟಾಯಿತು, ಕಡಿಯಿತು.

ಆ ಕಡಿದ ಜಾಗದಲ್ಲಿಯೇ ಇನ್ನೊಂದು ದನಿ ಹಿಡಿದುಕೊಂಡಿತು. “ಬಾ… ಆ… ಆ…”

ಒಡಕು ದನಿ, ಅಣಕಿಸಿ ಅಣಕಿಸಿ ಪಳಗಿದ ದನಿ. ಮಾವ ಬಡಿಗೆ ಬಿಟ್ಟು, ಲೆಕ್ಕಕ್ಕಿಲ್ಲದ ಕಾಲನ್ನು ಎಳೆದುಕೊಂಡು ಎತ್ತುಗಳ ಮುಖದ ಮುಂದೆ ಬಂದು ನಿಂತಿದ್ದರು. ಎರಡೂ ಕೈ ನೊಗದ ಮೇಲೆ. ಕತ್ತಿನ ನರ ಉಬ್ಬಿದ್ದವು, ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಹಾಡು ಮಾತ್ರ ಬಿಡಲಿಲ್ಲ. ಬಲಗಡೆಯ ಎತ್ತು ಒಂದು ಸಲ ಕಿವಿ ಆಡಿಸಿತು. ಯಜಮಾನನ ದನಿ ಎಂದು ಒಪ್ಪಿಕೊಂಡಿತೋ ಏನೋ, ಕದಲಲಿಲ್ಲ. ನಾನು ಉಸಿರು ತುಂಬಿಕೊಂಡು ಮತ್ತೆ ದನಿಗೂಡಿಸಿದೆ. ಮಾವ ಸೊಸೆ ಸೇರಿ ಹಾಡಿದ್ದು ಜನ್ಮದಲ್ಲಿ ಅದೊಂದೇ ಸಲ.

“ಸಾಕು! ಏಣಿ ಹಿಡದ! ಸಾಕು!”

ನಾವು ನಿಲ್ಲಿಸಿದೆವು. ಎತ್ತುಗಳು ಪದ್ಧತಿಯಂತೆ ಹಿಂದೆ ಸರಿದವು, ಮಿಣಿ ಸಡಿಲಾಗಿ ಅಂಗಳದಲ್ಲಿ ಬಿತ್ತು. ಒಳಗೆ ಗಾಲಿಯ ಸಪ್ಪಳವೂ ಆಗ ನಿಧಾನವಾಗಿ ನಿಂತಿತು. ಸ್ವಲ್ಪ ಹೊತ್ತಿಗೆ ನನ್ನವರ ತಲೆ ಛಾವಣಿಯ ನೆತ್ತಿಯ ಮೇಲೆ ಕಾಣಿಸಿತು, ಹತ್ತಿಯ ಧೂಳು ಮೆತ್ತಿ ಬೆಳ್ಳಗೆ ಮುದುಕನ ತಲೆಯಂತಾಗಿತ್ತು. ನನ್ನನ್ನು ನೋಡಿ, “ಇನ್ನೊಂದು ನುಡಿ ಹಾಡಬ್ಯಾಡ, ಸೀದಾ ಕೈಲಾಸಕ್ಕ ಹೋಗಿಬಿಡ್ತೇನಿ” ಎಂದರು.

ನಾನು ಎತ್ತಿನ ಕೊರಳು ತಬ್ಬಿಕೊಂಡು ಅತ್ತೆ. ಅಷ್ಟು ಹಗುರಾಗಿ ನಾನು ಮೊದಲು ಎಂದೂ ಅತ್ತಿರಲಿಲ್ಲ. ಹೆಂಗಸರು ನೀರು ಕೊಟ್ಟರು. ಮಾವ ಅಲ್ಲೇ ನೆಲದ ಮೇಲೆ ಕೂತು ತಮ್ಮ ಬಲಗಾಲನ್ನು ನೀವಿಕೊಳ್ಳುತ್ತಿದ್ದರು, ಯಾರ ಮುಖವನ್ನೂ ನೋಡಲಿಲ್ಲ. ಹಗ್ಗಕ್ಕೆ ಅವರು ಯಾಕೆ ಅಷ್ಟು ಅಡ್ಡ ನಿಂತಿದ್ದರೆಂದು ನನಗೆ ಆಗ ಹೊಳೆಯಿತು. ಹಗ್ಗ ಒಳ್ಳೆಯದು ಎಂದು ಒಪ್ಪಿಕೊಂಡರೆ, ಅರಭಾವಿಯ ಆ ಮಾಳಿಗೆಯಲ್ಲಿ ಅವರು ಬೀಳಲೇಬೇಕಾಗಿರಲಿಲ್ಲ ಎಂದೂ ಒಪ್ಪಬೇಕಿತ್ತು. ಅವರ ಮೇಲಿನ ನನ್ನ ಸಿಟ್ಟೆಲ್ಲ ಅಲ್ಲೇ ಇಳಿದುಹೋಯಿತು.

ನನ್ನವರ ತೊಡೆ ತರಚಿತ್ತು, ಪಕ್ಕೆ ಕಪ್ಪುಗಟ್ಟಿತ್ತು. ನೋವು ಇಳಿಯುವವರೆಗೆ ಮನೆಯಲ್ಲಿದ್ದು, ಉಳಿದ ತಗಡು ಹೊದಿಸಲು ಮತ್ತೆ ಹೊರಟರು. ಅವತ್ತು ಬೆಳಿಗ್ಗೆ ನಾನು ಎಂದಿನಂತೆ ಗಂಟು ಜಗ್ಗಿ ನೋಡಲು ಹೊರಗೆ ಬಂದೆ. ಮಾವ ಕಟ್ಟೆಯ ಮೇಲಿರಲಿಲ್ಲ. ಮಗನನ್ನು ಬೆನ್ನು ತಿರುಗಿಸಿ ನಿಲ್ಲಿಸಿ, ಕುಸುಬಿ ಎಣ್ಣೆ ಹಚ್ಚಿ ಮೆದುಮಾಡಿದ ಪಟ್ಟಿಯನ್ನು ತಾವೇ ಬಿಗಿದು, ಕಬ್ಬಿಣದ ಬಳೆಯನ್ನು ಎರಡೂ ಕೈಯಿಂದ ಜಗ್ಗುತ್ತಿದ್ದರು. ಆ ಜಗ್ಗಿಗೆ ನನ್ನವರು ಜೋಲಿ ಹೊಡೆದರು.

ಮಾವ ನನ್ನ ಕಡೆ ತಿರುಗಿದರು. ಮೇಲವಂಕಿ ಎನ್ನಲಿಲ್ಲ.

“ಗಂಟು ನಾ ನೋಡೇನಿ. ನೀ ಕುಂಕುಮ ಹಚ್ಚಿಕೋ, ಯವ್ವಾ.”

ಒಳಗೆ ಹೋಗಿ ಭರಣಿ ತೆಗೆದೆ. ಕನ್ನಡಿ ನೋಡದೆ ಹಚ್ಚಿಕೊಂಡ ಕುಂಕುಮ ಸೊಟ್ಟಗೆ ಬಿತ್ತು. ಸರಿಮಾಡಿಕೊಳ್ಳದೆ, ಹಾಗೆಯೇ ಎತ್ತು ಹೊಡೆದುಕೊಂಡು ಅವರ ಹಿಂದೆ ಹೊರಟೆ.